ಬಾಗಿಲು ಅಂಟಿಸದ ಹೆಲಿಕಾಪ್ಟರ್

ಕಳೆದ ವಾರ ಅಂಟಿನ ಶೀಶೆಯ ಮುಚ್ಚಳ ತಿರುಗಿಸಿದೆ, ಅಷ್ಟೇ. ಮೂಗಿಗೆ ಚುರ್ರೆಂದು ಏರಿದ ಆ ವಾಸನೆ... ಸೀಮೆಎಣ್ಣೆಯದಲ್ಲ, ಉಗುರಿನ ಬಣ್ಣದ್ದೂ ಅಲ್ಲ, ಎರಡರ ನಡುವಿನದೇನೋ. ಕೈ ಅಲ್ಲೇ ನಿಂತಿತು. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ವಿಮಾನದ ಬಿಡಿಭಾಗಗಳು ಹರಡಿದ್ದವು. ನನ್ನ ಮನಸ್ಸು ಮಾತ್ರ ಕೊಟ್ಟೂರಿನಲ್ಲಿತ್ತು, ಪಕ್ಕದ ಮನೆಯ ಅಕ್ಕನ ಎದುರು.

ಐವತ್ತರ ಹತ್ತಿರ ಬಂದವಳು ಇದನ್ನೇಕೆ ತರಿಸಿದೆ ಎಂದು ಯಾರಿಗಾದರೂ ಅನಿಸಬಹುದು. ನಮ್ಮ ಯಜಮಾನರ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿದೆ. ದಾವಣಗೆರೆಯ ಡಾಕ್ಟರು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟು ಇನ್ನೂ ಬಂದಿಲ್ಲ. ಅನ್ನಕ್ಕಿಟ್ಟ ಕುಕ್ಕರು ಕೂಗಿದರೂ ಎದೆ ಧಸಕ್ಕೆನ್ನುವ ಈ ದಿನಗಳಲ್ಲಿ ನನಗೆ ನೆನಪಾದವಳು ಆ ಅಕ್ಕನೊಬ್ಬಳೇ.

ನಾನು ಹರಪನಹಳ್ಳಿಯಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದಾಗ ಅಕ್ಕನಿಗೆ ಮದುವೆಯಾಗಿ ಆರೇಳು ವರ್ಷ ಆಗಿತ್ತು. ಮನೆಯಲ್ಲಿ ಅವಳು, ಕಿವಿ ಮಂದವಾಗಿದ್ದ ಅವಳ ಅತ್ತೆ, ಇಬ್ಬರೇ. ಗಂಡ ವಾಯುಸೇನೆಯಲ್ಲಿದ್ದ, ಉತ್ತರದ ಹಿಮದ ಬೆಟ್ಟಗಳಲ್ಲಿ ಸಾಮಾನು ಸಾಗಿಸುವ ಹೆಲಿಕಾಪ್ಟರಿನಲ್ಲಿ ಅವನ ಕೆಲಸ. ಹುಡುಗನಾಗಿದ್ದಾಗ ಜೋಳದ ದಂಟಿನ ಬೆಂಡಿನಲ್ಲಿ ವಿಮಾನ ಮಾಡುತ್ತಿದ್ದನಂತೆ. ನೌಕರಿಗೆ ಸೇರಿದ ಮೇಲೆ ಆ ಹುಚ್ಚು ಮತ್ತೆ ಹತ್ತಿಕೊಂಡು, ರಜೆಗೆ ಬರುವಾಗ ಪ್ಲಾಸ್ಟಿಕ್ ವಿಮಾನದ ಪೆಟ್ಟಿಗೆ ತರುತ್ತಿದ್ದ. ಪಡಸಾಲೆಯಲ್ಲಿ ಕೂತು, ನೇಲ್ ಕಟರಿನಿಂದ ಒಂದೊಂದೇ ಭಾಗ ಬಿಡಿಸಿ, ಪಾಲಿಶ್ ಕಾಗದದಿಂದ ಉಜ್ಜಿ ಕೂಡಿಸುತ್ತಿದ್ದ. ಅಕ್ಕ ಪಕ್ಕದಲ್ಲಿ ಕೂತು, ಅಂಟು ಒಣಗುವ ತನಕ ಭಾಗಗಳನ್ನು ಒತ್ತಿ ಹಿಡಿಯುತ್ತಿದ್ದಳು.

ಆ ವರ್ಷ ರಜೆ ಮುಗಿಯುವ ಮೊದಲೇ ಅವನಿಗೆ ಕರೆ ಬಂತು. ಪೆಟ್ಟಿಗೆಯಲ್ಲಿದ್ದದ್ದು ಅವನು ಹಾರುತ್ತಿದ್ದಂಥದೇ ಹೆಲಿಕಾಪ್ಟರು, ಅರ್ಧ ಆಗಿತ್ತು. "ನಾನ ಬಂದು ಮುಗಸ್ತೀನಿ, ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಬಸ್ಸು ಹತ್ತಿದ. ಅಕ್ಕ ಅದರ ಮೇಲೊಂದು ಬಿಳಿ ವಸ್ತ್ರ ಮುಚ್ಚಿದಳು. ಮರುದಿನ ಏನನಿಸಿತೋ, ಆ ಬಿಳಿ ಬಟ್ಟೆ ತೆಗೆದು ತನ್ನದೊಂದು ಹಸಿರು ಕುಪ್ಪಸದ ಬಟ್ಟೆ ಹೊದಿಸಿದಳು. ನನಗೂ ಆ ಬಿಳಿ ಸರಿ ಕಂಡಿರಲಿಲ್ಲ.

ಒಂದು ದಿನ ಬೆಳಗಿನ ರೇಡಿಯೋ ವಾರ್ತೆಯಲ್ಲಿ, ಆ ಕಡೆಯ ಬೆಟ್ಟಗಳಲ್ಲಿ ಹೆಲಿಕಾಪ್ಟರೊಂದು ಕಾಣೆಯಾಗಿದೆ ಎಂದರು. ಒಳಗಿದ್ದವರ ಹೆಸರು ಹೇಳಲಿಲ್ಲ. ಕೈಯಲ್ಲಿದ್ದ ರೊಟ್ಟಿಹಿಟ್ಟು ಹಾಗೇ ಬಿಟ್ಟು ಓಡಿದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳೂ ಕೇಳಿದ್ದಳು. ಪಿಸುಗುಟ್ಟಿದಳು:

"ನಮ್ಮತ್ತೀಗೆ ಗೊತ್ತಾಗಬಾರದು. ಮುದುಕಿ ತಡಕೊಳ್ಳಂಗಿಲ್ಲ."

ಅವತ್ತಿಡೀ ಫೋನಿಲ್ಲ, ತಂತಿಯಿಲ್ಲ. ಓಣಿಯವರು ಅವಳ ಮನೆಯ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಿದ್ದರು, ಚಪ್ಪಲಿಯ ಸಪ್ಪಳವನ್ನೂ ಸಣ್ಣ ಮಾಡುತ್ತಿದ್ದರು. ಅದೇ ನಮ್ಮನ್ನು ಹೆಚ್ಚು ಹೆದರಿಸಿತು. ಎಲ್ಲರಿಗೂ ಏನೋ ಗೊತ್ತಾಗಿದೆ, ನಮಗಷ್ಟೇ ಹೇಳುತ್ತಿಲ್ಲ ಎನ್ನುವ ಹಾಗೆ.

ಮರುದಿನ ಮಧ್ಯಾಹ್ನ ಅಕ್ಕ ಹಸಿರು ಬಟ್ಟೆ ಸರಿಸಿದಳು.

"ಬಾ ತಂಗಿ, ಇದನ್ನ ಕೂಡಸೋಣು. ಕೈ ಸುಮ್ನಿದ್ರ ಜೀವ ಹೋಗಾಕತ್ತೈತಿ."

"ಅವ್ರು ಮುಟ್ಟಬ್ಯಾಡ ಅಂದಿದ್ರಲ್ಲಕ್ಕ?"

"ಬಂದು ಬೈಲಿ," ಎಂದಳು. "ಬೈಯಾಕರ ಬರ್ಲಿ."

ಕೂತೆವು. ಬಾಲ ಕೂಡಿಸಿದೆವು, ಗಾಲಿ ಕೂಡಿಸಿದೆವು. ಅಂಟಿನ ವಾಸನೆಗೆ ತಲೆ ದಿಮ್ಮೆನ್ನುತ್ತಿತ್ತು. ಗೋಡೆಗೊರಗಿ ಕೂತಿದ್ದ ಅತ್ತೆ ನಡುನಡುವೆ ಕೇಳುತ್ತಿದ್ದಳು, "ಯಾಕವ್ವ, ಇಬ್ರೂ ಇಷ್ಟ್ ಸುಮ್ನ ಅದೀರಿ?" ಅಕ್ಕ ಅವಳ ಕಿವಿಯ ಹತ್ತಿರ ಬಾಗಿ, ನಗುನಗುತ್ತಲೇ ಕೂಗಿ ಹೇಳುತ್ತಿದ್ದಳು, "ಮಾತಾಡಿದ್ರ ಕೈ ತಪ್ಪತೈತಿ ಅತ್ತಿ!" ಆ ನಗು ನೋಡಲಾಗದೆ ನಾನು ಅಂಟಿನ ಶೀಶೆಯತ್ತ ತಿರುಗುತ್ತಿದ್ದೆ.

ಕೊನೆಗೆ ಉಳಿದದ್ದು ಪಕ್ಕದ ಬಾಗಿಲು, ಹೆಬ್ಬೆರಳಿನ ಉಗುರಿನಷ್ಟು. ಅದರ ಅಂಚಿಗೆ ನಾನು ಅಂಟು ಹಚ್ಚಲು ಹೋದೆ. ಅಕ್ಕ ನನ್ನ ಮುಂಗೈ ಹಿಡಿದಳು. ಎಷ್ಟು ಬಿಗಿಯಾಗಿ ಎಂದರೆ, ಬಳೆಯೊಂದು ಒಡೆಯಿತು.

"ಬ್ಯಾಡ. ಬಾಗ್ಲ ಅಂಟಸಬ್ಯಾಡ. ಒಳಗಿದ್ದೋರು ಹೊರಗ ಬರಾಕ ದಾರಿ ಬೇಕಲ್ಲ?"

ಆಗಲೇ ಓಣಿಯ ತುದಿಯಿಂದ ಟೆಲಿಫೋನ್ ಬೂತಿನವನು ಓಡಿಬಂದ.

"ಅಕ್ಕಾರ, ಫೋನ್ ಬಂದಿತ್ತು! ಮತ್ತ ಮಾಡ್ತಾರಂತ, ಲಗೂ ಬರ್ರಿ."

"ಯಾರಂತ?"

"ಹೆಸರು ಹೇಳ್ಲಿಲ್ರಿ. ಹಿಂದಿಯೊಳಗ ಮಾತಾಡಿದ್ರು."

ಅಂದರೆ ಗಂಡನಲ್ಲ. ಯಾರೋ ಆಫೀಸಿನವರು. ಅಕ್ಕ ಎದ್ದಳು, ಬಾಗಿಲಿನ ಚೌಕಟ್ಟು ಹಿಡಿದು ಅಲ್ಲೇ ನಿಂತಳು. "ನೀ ಹೋಗು ತಂಗಿ. ನನ್ನ ಕಾಲು ಬರವಲ್ವು."

ಬೂತಿನಲ್ಲಿ ಫೋನಿನ ಮುಂದೆ ನಿಂತು ಕಾದೆ. ಎಷ್ಟು ಹೊತ್ತೋ... ಅದು ಹೊಡೆದುಕೊಂಡಾಗ ಎತ್ತುವ ಧೈರ್ಯ ಬರಲಿಲ್ಲ. ಬೂತಿನವನೇ ಎತ್ತಿ ನನ್ನ ಕಿವಿಗೆ ಹಿಡಿದ. ಮೊದಲು ಯಾರದೋ ಹಿಂದಿ. ಆಮೇಲೆ ಕರಕರ ಸದ್ದು. ಆಮೇಲೆ...

"ಯಾರಿದು? ನಾನ ಮಾತಾಡಾಕತ್ತೀನವ್ವ. ಆಕಿಗೆ ಹೇಳು, ಆರಾಮ ಅದೀನಿ ಅಂತ. ನಾ ಅದರಾಗ ಇದ್ದಿಲ್ಲ. ನನ್ನ ಬದ್ಲಿ ನನ್ನ ಗೆಳೆಯ ಹೋಗಿದ್ದ, ನಮ್ಮನಿಗೆ ಬಂದಿದ್ನಲ್ಲ ಅಂವ..." ಅವನ ದನಿ ಒಡೆಯಿತು. ಲೈನು ಕಡಿಯಿತು.

ಓಡಿದೆ. ಓಡುತ್ತಾ ಅಳುತ್ತಿದ್ದೆ, ಅದು ನನಗೇ ಗೊತ್ತಿರಲಿಲ್ಲ. ಅಕ್ಕ ಹೊಸ್ತಿಲಿನಿಂದ ನನ್ನ ಮುಖ ನೋಡಿದಳು. ನೋಡಿದವಳು ನಿಂತಲ್ಲೇ ಕುಸಿದಳು. ಬಾಯಿ ಅಗಲವಾಗಿ ತೆರೆದಿತ್ತು, ದನಿ ಮಾತ್ರ ಇಲ್ಲ. ಒಳಗೆ ಅತ್ತೆ ಇದ್ದಾಳೆಂದು ಆ ಗಳಿಗೆಯಲ್ಲೂ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಆ ಮುಖವನ್ನು ನಾನು ಇಂದಿಗೂ ಮರೆತಿಲ್ಲ.

"ಅದಾರ ಅಕ್ಕ! ಅದಾರ! ಅವ್ರ ಮಾತಾಡಿದ್ರು!"

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಎರಡೂ ಕೈಯಿಂದ ನನ್ನ ಬೆನ್ನಿಗೆ ಗುದ್ದಿದಳು. "ಹಂಗಾರ ನಕ್ಕೋತ ಬರಬಾರದೇನ ಹುಚ್ಚಿ!" ಎಂದು ಗುದ್ದುತ್ತಲೇ ತಬ್ಬಿಕೊಂಡಳು. ಗೆಳೆಯನ ವಿಷಯ ನಾನು ಸಂಜೆ ಹೇಳಿದೆ. ಅವನು ಒಮ್ಮೆ ರಜೆಯಲ್ಲಿ ಇವರ ಮನೆಗೆ ಬಂದು ಮಂಡಕ್ಕಿ ಮಿರ್ಚಿ ತಿಂದು ಹೋಗಿದ್ದನಂತೆ. ಅಕ್ಕ ಆ ಪುಟ್ಟ ಬಾಗಿಲನ್ನು ಅಂಗೈಯಲ್ಲಿಟ್ಟು ನೋಡಿದಳು. "ಅವನ ಮನ್ಯಾಗೂ ಒಬ್ಬಾಕಿ ಫೋನ್ ಕಾಯಾಕತ್ತಿರಬೇಕು," ಎಂದಳು.

ಅಕ್ಕನ ಗಂಡ ಮುಂದಿನ ರಜೆಗೆ ಬಂದಾಗ ಬೈಯಲಿಲ್ಲ. ಬಾಗಿಲು ಅಂಟಿಸಲು ಹೋದಾಗ ಅಕ್ಕ ಅಡ್ಡ ಕೈ ಇಟ್ಟಳು, ಅವನು ಅಂಟಿನ ಶೀಶೆ ಮುಚ್ಚಿಟ್ಟ. ಅತ್ತೆ ತೀರಿಕೊಂಡ ಮೇಲೆ ಅವರು ಮನೆ ಮಾರಿ ದೂರದ ಕ್ವಾರ್ಟರ್ಸಿಗೆ ಹೋದರು. ನಾವೂ ಇಲ್ಲಿಗೆ ಬಂದೆವು. ಮೊದಮೊದಲು ಹಬ್ಬಕ್ಕೆ ಫೋನು, ಆಮೇಲೆ ಅದೂ ಇಲ್ಲ... ಹಾಗಾಗಿಬಿಡುತ್ತದೆ.

ಕೆಲವು ವರ್ಷಗಳ ಹಿಂದೆ ಹೂವಿನಹಡಗಲಿಯ ಬಸ್ ನಿಲ್ದಾಣದಲ್ಲಿ ಮಲ್ಲಿಗೆ ಕೊಳ್ಳುತ್ತಿದ್ದಾಗ ಅಕ್ಕನ ನಾದಿನಿ ಸಿಕ್ಕಳು. ಅಕ್ಕ ಹೇಗಿದ್ದಾಳೆ ಎಂದೆ.

"ಆಕಿ ಹೋಗಿ ವರ್ಷದ ಮ್ಯಾಲಾತವ್ವ. ಜ್ವರ ಬಂದದ್ದ ನೆಪ. ನಿಮಗ ಯಾರೂ ಹೇಳ್ಲಿಲ್ಲೇನು?"

ಯಾರೂ ಹೇಳಿರಲಿಲ್ಲ. ಅವಳ ಗಂಡ ಒಂದು ಗಾಯವೂ ಇಲ್ಲದೆ ನಿವೃತ್ತನಾಗಿ ಈಗಲೂ ಇದ್ದಾನಂತೆ. ಹೋದವಳು ಅವಳು.

ಆ ಫೋನು ಬಂದ ದಿನ ಅವಳ ಭಯ ಮುಗಿಯಿತು ಎಂದೇ ನಾನು ಅಂದುಕೊಂಡಿದ್ದೆ. ಈಗ ತಿಳಿಯುತ್ತಿದೆ, ಅವತ್ತು ಮುಗಿದದ್ದು ಆ ಒಂದು ಸಲದ್ದು ಮಾತ್ರ. ಅವನು ಮರಳಿ ಅದೇ ಬೆಟ್ಟಗಳಿಗೆ ಹೋದ, ಮತ್ತೆ ಮತ್ತೆ ಹಾರಿದ. ಅಷ್ಟು ವರ್ಷ ಅವಳು ಹೇಗೆ ಅಡುಗೆ ಮಾಡಿದಳು, ಹೇಗೆ ನಿದ್ದೆ ಹೋದಳು, ನಾನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅಕ್ಕ ಇಲ್ಲ.

ಇವತ್ತು ನನ್ನ ವಿಮಾನದ ರೆಕ್ಕೆಯ ಮೇಲಿನ ಹೋಳು, ಕೆಳಗಿನ ಹೋಳು ಕೂಡಿಸಿ ಯಜಮಾನರ ಕೈಗೆ ಕೊಟ್ಟಿದ್ದೇನೆ. "ಇದೆಂಥ ಹುಡುಗಾಟ ನಿಂದು" ಎನ್ನುತ್ತಲೇ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಾರೆ. ಕುತ್ತಿಗೆಯ ಬ್ಯಾಂಡೇಜು ಕಾಣದಂತೆ ಶರ್ಟಿನ ಕಾಲರು ಎತ್ತಿಕೊಂಡಿದ್ದಾರೆ.

"ಒಣಗೇತಿ ಅನಸ್ತೈತಿ. ಬಿಡ್ಲ್ಯಾ?"

"ಬಿಡಬ್ಯಾಡ್ರಿ," ಎಂದೆ. "ಇನ್ನೊಂದೀಟು ಹಿಡಕೊಳ್ರಿ."