ರಾಣಿಯ ಟೊಪ್ಪಿಗೆ

ನಮ್ಮ ಅವ್ವನನ್ನು ಇಂಗ್ಲೆಂಡಿನ ರಾಣಿ ಮಾಡುವ ಹುಚ್ಚು ಮೊದಲು ಹತ್ತಿದ್ದು ಹಬ್ಬದ ಕಮಿಟಿಯ ಮಾಸ್ತರರಿಗೆ. ಗೋಕಾಕ ಫಾಲ್ಸಿನ ನಮ್ಮ ಓಣಿಯಲ್ಲಿ ಈಚಿನ ಕೆಲವು ವರ್ಷಗಳಿಂದ ಡಿಸೆಂಬರ್ ಕೊನೆಗೆ ಒಂದು ಬೀದಿ ಹಬ್ಬ ನಡೆಯುತ್ತದೆ. ಮಿಲ್ಲು ಕಟ್ಟಿದ ಸಾಹೇಬರ ಕಾಲ ಹೇಗಿತ್ತೆಂದು ತೋರಿಸುವ ಹಬ್ಬ ಅದು. ಆ ಕಾಲ ಕಂಡವರು ಯಾರೂ ಉಳಿದಿಲ್ಲವಾದ್ದರಿಂದ ತಪ್ಪು ಹಿಡಿಯುವವರೂ ಇಲ್ಲ. ಓಣಿಯ ಎರಡೂ ತುದಿಗೆ ಬಿದಿರು ಕಟ್ಟಿ ಗಾಡಿಗಳನ್ನು ತಡೆಯುತ್ತಾರೆ. ಕರೆಂಟಿನ ಬಲ್ಬು ಆರಿಸಿ ಕಂದೀಲು ತೂಗುಹಾಕುತ್ತಾರೆ. ಬೇವಿನ ಮರಕ್ಕೆ ಹತ್ತಿ ಅಂಟಿಸಿ ಹಿಮ ಬಿದ್ದಿದೆ ಎನ್ನುತ್ತಾರೆ. ಒಂದು ಕಡೆ ಪ್ಲಮ್ ಕೇಕು, ಅದರ ಮಗ್ಗುಲಲ್ಲೇ ಮಿರ್ಚಿ ಭಜಿ. ಜನ ಕೇಕಿನ ಮುಂದೆ ಫೋಟೋ ತೆಗೆಸಿಕೊಂಡು ಭಜಿ ತಿನ್ನುತ್ತಾರೆ.

ಮಾಸ್ತರರು ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಹಬ್ಬದ ತಲೆ, ಕೈ, ಗಂಟಲು ಎಲ್ಲ ಅವರದೇ. ಆ ವರ್ಷ ಹುಕ್ಕೇರಿಯ ನಾಟಕದ ಡ್ರೆಸ್ಸಿನ ಅಂಗಡಿಯಿಂದ ಗೌನು, ಕೋಟು, ಟೊಪ್ಪಿಗೆಗಳನ್ನು ಬಾಡಿಗೆಗೆ ಹಿಡಿದು ಟೆಂಪೋ ತುಂಬ ತರಿಸಿದ್ದರು. ರಾಣಿಯನ್ನು ಟಾಂಗಾದಲ್ಲಿ ಕೂರಿಸಿ ಮೆರವಣಿಗೆ ಮಾಡುವುದೆಂದು ಗೊತ್ತಾಗಿತ್ತು.

“ರಾಣಿ ಆದಾವ್ರು ಸುಮ್ಮಸುಮ್ನ ನಗಬಾರ್ದರಿ,” ಎಂದರು ನನಗೆ. “ಈ ಓಣ್ಯಾಗ ನಗದಾವ್ರು ನಿಮ್ಮವ್ವಾರ ಒಬ್ಬರ.”

ಮೂಡಲಗಿಯ ಹೈಸ್ಕೂಲಿನಲ್ಲಿ ಕಲಿಸುವ ನಾನು ರಜೆ ಹಾಕಿ ಹಬ್ಬಕ್ಕೆಂದು ಅವ್ವನ ಹತ್ತಿರ ಬಂದಿದ್ದೆ. ಆಕೆ ಮಾಸ್ತರರನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುತ್ತಾಳೆ ಎಂದುಕೊಂಡಿದ್ದೆ.

“ಆಗ್ಲಿ,” ಎಂದಳು ಅವ್ವ. “ಆದ್ರ ಗೌನಿನ ಒಳಗ ಸೀರಿ ಉಟ್ಕೊಂಡ ಇರ್ತೇನಿ.”

ಅವ್ವನಿಗೆ ಶುಗರ್ ಇದೆ. ದಿನಾ ಸಂಜೆ ಇನ್ಸುಲಿನ್ ಸೂಜಿ ಆಗಬೇಕು. ಎದುರು ಮನೆಯ ನರ್ಸಬಾಯಿ ಘಟಪ್ರಭಾದ ದವಾಖಾನೆಯಲ್ಲಿ ಡ್ಯೂಟಿ ಮುಗಿಸಿ ಬಂದವಳು ಸೀದಾ ನಮ್ಮ ಮನೆಗೆ ಬಂದು ಸೂಜಿ ಮಾಡಿ ಹೋಗುತ್ತಾಳೆ. ನನಗಿಂತ ಚಿಕ್ಕವಳು, ಬೌದ್ಧರ ಮನೆಯ ಹೆಣ್ಣುಮಗಳು. ಅವಳ ಅಜ್ಜಿ ಘೋಡಗೇರಿಯಲ್ಲಿ ನಮ್ಮಂಥವರ ಹೊಲದಲ್ಲಿ ದುಡಿದು, ನಮ್ಮಂಥವರ ಮನೆಯ ಕಟ್ಟೆ ಹತ್ತದೆ ಸತ್ತವಳು.

ಸೂಜಿಯಾದ ಮೇಲೆ ಅವ್ವ ಜಳಕ ಮಾಡುತ್ತಾಳೆ. ಜಳಕದ ಮೇಲೆ ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ. ಪೂಜೆಯಾಗದೆ ಅವಳ ಬಾಯಿಗೆ ಹನಿ ನೀರೂ ಇಳಿಯುವುದಿಲ್ಲ. ಹೀಗಾಗಿ ಸೂಜಿಗೂ ಊಟಕ್ಕೂ ನಡುವೆ ದಿನಾ ಒಂದು ಅಪಾಯದ ಹೊತ್ತು ಬೀಳುತ್ತಿತ್ತು. ಹೊಟ್ಟೆ ಖಾಲಿ ಇದ್ದಾಗ ಇನ್ಸುಲಿನ್ ಮೈಯ ಸಕ್ಕರೆಯನ್ನು ಇಳಿಸಿಬಿಟ್ಟರೆ ಮನುಷ್ಯರು ಬೆವರಿ, ನಡುಗಿ, ಎಚ್ಚರ ತಪ್ಪುತ್ತಾರೆ. ಮತ್ತೆ ಏಳದೆಯೂ ಇರಬಹುದು.

“ಆಯಿ, ಮೊದಲ ಜಳಕಾ, ಪೂಜಿ ಮುಗಸ್ರಿ. ತಾಟ ಮುಂದ ಇಟ್ಕೊಂಡ ಕುಂತ ಮ್ಯಾಲ ನಾ ಸೂಜಿ ಮಾಡ್ತೇನಿ,” ಎಂದು ನರ್ಸಬಾಯಿ ಎಷ್ಟು ಸಲ ಹೇಳಿದ್ದಳೋ.

“ನನ್ನ ಪದ್ಧತಿ ನನಗ ಇರ್ಲಿ ನರ್ಸಬಾಯಿ. ನೀವು ದಣದ ಬಂದಿರ್ತೀರಿ, ಮಾಡಿ ಹೋಗ್ರಿ,” ಎನ್ನುತ್ತಿದ್ದಳು ಅವ್ವ.

ಮಾತು ಬೆಣ್ಣೆಯಂತೆ ಇರುತ್ತಿತ್ತು. ಆದರೆ ಸೂಜಿ ಆಗುತ್ತಿದ್ದದ್ದು ಹೊರಗಿನ ಪಡಸಾಲೆಯ ಬಾಕಿನ ಮೇಲೆ. ಜಳಕ ಆಗುತ್ತಿದ್ದದ್ದು ಅದಾದ ಮೇಲೆ. ಯಾಕೆಂದು ನನಗೆ ಗೊತ್ತಿತ್ತು, ನರ್ಸಬಾಯಿಗೂ ಗೊತ್ತಿತ್ತು. ಶರಣರ ವಚನಗಳು ಅವ್ವನಿಗೆ ರಾಶಿ ರಾಶಿ ಬಾಯಿಪಾಠ. ಹೇಳುವುದು ಆಚಾರ, ಮಾಡುವುದು ಅನಾಚಾರ ಎಂದು ಒಮ್ಮೆ ಮುಖಕ್ಕೆ ಹೊಡೆದಂತೆ ಅಂದೆ. “ಪೂಜಿಗೆ ಜಳಕ ಬ್ಯಾಡೇನ ಹುಚ್ಚಿ?” ಎಂದು ನನ್ನ ಬಾಯಿ ಮುಚ್ಚಿಸಿದಳು. ನನಗೆ ಮತ್ತಷ್ಟು ಸಿಟ್ಟು ಬಂತು.

ಮೆರವಣಿಗೆ ಬೆಳಕಿರುವಾಗಲೇ ಮುಗಿಯಬೇಕಿತ್ತು. ಬ್ಯಾಂಡಿನ ಸದ್ದಿಗೆ ಟಾಂಗಾದ ಕುದುರೆ ಬೆದರಿ ಓಣಿಗೆ ಕಾಲಿಡಲು ಒಲ್ಲೆ ಎಂದಿತು. ಅದನ್ನು ಓಲೈಸುವುದರೊಳಗೆ ಹೊತ್ತು ಇಳಿಯಿತು. ಅವ್ವ ಗೌನು ತೊಟ್ಟು ಪಡಸಾಲೆಯಲ್ಲಿ ಕೂತಿದ್ದಳು.

“ಇವತ್ತ ಸೂಜಿ ಮೆರವಣಿಗಿ ಆದ ಮ್ಯಾಲ ಮಾಡೂಣು, ಆಯಿ,” ಎಂದಳು ನರ್ಸಬಾಯಿ.

“ಹೊತ್ತಂದ್ರ ಹೊತ್ತು. ಕುದುರಿ ಇನ್ನ ಹಟಾ ಹಿಡದ ನಿಂತೈತಿ. ನೀವು ಮಾಡ್ರಿ, ನಾ ಜಳಕಾ ಮಾಡಿ, ಉಂಡ ಹೊಕ್ಕೇನಿ.”

ಹೇಳುತ್ತಲೇ ಅವ್ವ ಗೌನಿನ ಗುಂಡಿ ಬಿಚ್ಚತೊಡಗಿದಳು. ಅದನ್ನು ಕಂಡು ನಂಬಿ ನರ್ಸಬಾಯಿ ಸೂಜಿ ಮಾಡಿದಳು. ತಾನೂ ವೇಷ ಹಾಕಿಕೊಳ್ಳಬೇಕೆಂದು ಮನೆಗೆ ಹೋದಳು. ಅವಳು ಆ ಕಡೆ ಹೋದಳು, ಈ ಕಡೆ ಮಾಸ್ತರರು ಓಡಿ ಬಂದರು. ಕುದುರೆ ಈಗ ಒಪ್ಪಿದೆ, ಈಗ ಬಿಟ್ಟರೆ ಆಮೇಲಿಲ್ಲ. ಅವ್ವ ಬಿಚ್ಚಿದ ಗುಂಡಿ ಮತ್ತೆ ಹಾಕಿಕೊಂಡು ಟಾಂಗಾ ಹತ್ತಿದಳು. ಓಣಿಯ ಆ ತುದಿಯಲ್ಲಿ ಕಂದೀಲು ಹಚ್ಚುತ್ತಿದ್ದ ನನಗೆ ಇದೊಂದೂ ತಿಳಿಯಲಿಲ್ಲ.

ತಿಳಿಯದ ಸಂಗತಿ ಇನ್ನೂ ಒಂದಿತ್ತು. ಆ ಗೌನಿನ ಕಾಲರು ಗಂಟಲವರೆಗೆ ಬಿಗಿ. ಶಿವದಾರ ಕೊರಳಿಗೆ ಒತ್ತುತ್ತಿತ್ತು, ಕರಡಿಗೆ ಎದೆಯ ಮೇಲೆ ಗಂಟಿನಂತೆ ಎದ್ದು ಕಾಣುತ್ತಿತ್ತು. ತೋಳಿಗೆ ಕಟ್ಟೋಣವೆಂದರೆ ತೋಳೂ ಬಿಗಿ. ಸೊಂಟದ ಕಿಸೆಗೆ ಹಾಕುವ ಮಾತೇ ಇಲ್ಲ, ಹೊಕ್ಕುಳಿನ ಕೆಳಗೆ ಲಿಂಗ ಇಳಿಯಬಾರದು. ಉಳಿದದ್ದು ತಲೆ. ತಲೆಗಿಂತ ಮೇಲಾದ ಜಾಗ ಯಾವುದಿದೆ ಎಂದು ಅವ್ವ ಕರಡಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಟೊಪ್ಪಿಗೆಯ ಒಳ ಅಸ್ತರಿಗೆ ಸೂಜಿದಾರದಿಂದ ಹೊಲಿದುಕೊಂಡಿದ್ದಳು. ಇಂಗ್ಲೆಂಡಿನ ಯಾವ ರಾಣಿಗೂ ಹೊಳೆಯದ ಉಪಾಯ.

ಮೆರವಣಿಗೆ ಚಂದವೇ ಆಯಿತು. ಅವ್ವ ನಗಲಿಲ್ಲ. ಟಾಂಗಾ ಬೇವಿನ ಮರದ ಕೆಳಗೆ ನಿಂತಾಗ ಮಾಸ್ತರರು ರಟ್ಟಿನ ಕಿರೀಟ ತಂದು, “ಇನ್ನ ಪಟ್ಟಾಭಿಷೇಕ!” ಎಂದು ಕೂಗಿ, ಅವ್ವನ ತಲೆಯ ಟೊಪ್ಪಿಗೆ ಎತ್ತಿ ಯಾರ ಕೈಗೋ ಕೊಟ್ಟು ಕಿರೀಟ ಇಟ್ಟರು. ಜನ ಚಪ್ಪಾಳೆ ತಟ್ಟಿದರು. ಅವ್ವ ಎರಡೂ ಕೈ ಚಾಚಿದಳು. ರಾಣಿ ಆಶೀರ್ವಾದ ಮಾಡುತ್ತಿದ್ದಾಳೆಂದು ಜನ ಇನ್ನಷ್ಟು ತಟ್ಟಿದರು. ಟೊಪ್ಪಿಗೆಯಲ್ಲಿ ಲಿಂಗವಿದೆ ಎಂದು ಅಷ್ಟು ಮಂದಿಯೆದುರು ಕೂಗಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ನಾನು ಕೈಹಿಡಿದು ಟಾಂಗಾದಿಂದ ಇಳಿಸಿದಾಗ ಆ ಕೈ ಒದ್ದೆಯಾಗಿತ್ತು. ಡಿಸೆಂಬರಿನ ಚಳಿಯಲ್ಲಿ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಊಟಾ ಮಾಡಿದಿಲ್ಲೋ?” ಎಂದೆ.

“ಟೊಪ್ಪಿಗಿ,” ಎಂದಳು. “ನನ್ನ ಲಿಂಗ ಅದರಾಗ ಐತಿ.”

ಅವಳನ್ನು ಪಡಸಾಲೆಯ ಬಾಕಿನ ಮೇಲೆ ಕೂರಿಸಿ ಎದುರು ಮನೆಗೆ ಕೂಗಿದೆ. ನರ್ಸಬಾಯಿ ಅರ್ಧ ತೊಟ್ಟ ಗೌನಿನಲ್ಲೇ ಚೀಲ ಹಿಡಿದು ಓಡಿಬಂದಳು. ಬೆರಳು ಚುಚ್ಚಿ ಮಷೀನಿಗೆ ಹಚ್ಚಿ ನೋಡಿದರೆ ಸಕ್ಕರೆ ತೀರಾ ಇಳಿದಿತ್ತು. ಒಂದು ಲೋಟ ನೀರಿಗೆ ಗ್ಲೂಕೋಸ್ ಪುಡಿ ಸುರಿದು ಅವ್ವನ ತುಟಿಗೆ ಹಿಡಿದಳು. ಅವ್ವ ಹಲ್ಲು ಕಚ್ಚಿದಳು.

“ಆಯಿ, ಕುಡೀರಿ. ಕೈ ಮುಗೀತೇನಿ, ಕುಡೀರಿ.”

ಅವ್ವ ತಲೆಯಾಡಿಸಿದಳು. ರಟ್ಟಿನ ಕಿರೀಟ ಕೆಳಗೆ ಬಿತ್ತು.

“ಬಾಯಿ ಬಿಡಸಿ ಹಾಕೂಣಲ್ಲ!” ಎಂದು ನಾನು ಅವ್ವನ ದವಡೆಗೇ ಕೈ ಹಾಕಿದೆ.

“ಬ್ಯಾಡ್ರಿ ಅಕ್ಕಾ. ಜೋರ ಮಾಡಿದ್ರ ನೀರ ಉಸರಿನ ನಳಿಗೆ ಹೊಕ್ಕತಿ. ನೀವು ಟೊಪ್ಪಿಗಿ ಹುಡಕ್ರಿ.” ಬಾಗಿಲಲ್ಲಿ ಕಂಗಾಲಾಗಿ ನಿಂತಿದ್ದ ಮಾಸ್ತರರಿಗೆ, “ನೀವು ಗಾಡಿ ತರ್ರಿ, ದವಾಖಾನಿಗೆ ಒಯ್ಯೂದ ಬರಬಹುದು,” ಎಂದಳು.

“ಟೊಪ್ಪಿಗಿ ಎಲ್ಲಾ ಟೆಂಪೋಕ್ಕ ಹೇರಾಕ ಹೇಳೇನ್ರಿ,” ಎಂದರು ಮಾಸ್ತರರು ಅಳುದನಿಯಲ್ಲಿ. “ಹುಕ್ಕೇರಿಯಾಂವ ಅವಸರಾ ಮಾಡಾಕತ್ತಿದ್ದ.”

ನಾನು ಓಡಿದೆ. ಓಣಿಯ ತುಂಬ ಜನ, ಎಲ್ಲರೂ ಇನ್ನೂ ಕೋಟು ಕಳಚದ ಸಾಹೇಬರು, ಯಾರೂ ಸರಿಯುವುದಿಲ್ಲ. ಅವ್ವನ ಮೇಲೆ ನನಗೆ ಕೆಂಡದಂಥ ಸಿಟ್ಟು. ಹನಿ ನೀರಿಗೆ ಬಾಯಿ ಬಿಟ್ಟರೆ ಯಾವ ಲಿಂಗ ಮುನಿಯುತ್ತದೆ? ಜಳಕ, ಪದ್ಧತಿ, ಹೊತ್ತು ಎಂದು ಎಲ್ಲ ಸೇರಿ ಇವಳನ್ನು ಕೊಲ್ಲುತ್ತವೆ ಎಂದು ಬೈಯುತ್ತಲೇ ಓಡಿದೆ. ಬೈಯುವುದು ನಿಲ್ಲಿಸಿದರೆ ಅಳು ಬರುತ್ತಿತ್ತು.

ಟೆಂಪೋ ಬಿದಿರಿನ ಆಚೆಗೆ ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಹಿಂದೆ ಹತ್ತಿ, ಚೀಲದ ಬಾಯಿ ಬಿಚ್ಚಿ ಸುರುವಿದೆ. ಟೊಪ್ಪಿಗೆಗಳೆಲ್ಲ ಒಂದೇ ಥರ. ಒಂದೊಂದರ ಅಸ್ತರಿಗೆ ಬೆರಳು ಹಾಕಿ ತಡವತೊಡಗಿದೆ. ಡ್ರೆಸ್ಸಿನ ಅಂಗಡಿಯವನು ಓಡಿಬಂದು ನನ್ನ ಕೈ ತಡೆದ.

“ಏನ್ ನಡಸೀರ್ರಿ ಬಾಯಾರ? ಹರೀಬ್ಯಾಡ್ರಿ, ಬಾಡಿಗಿ ಮಾಲ ಐತಿ!”

“ನಮ್ಮವ್ವನ ಲಿಂಗ ಐತ್ರಿ ಒಂದರಾಗ. ಅದು ಸಿಗದ ಆಕಿ ನೀರ ಕುಡಿಯೂದಿಲ್ಲ. ಸಾಯಾಕತ್ತಾಳ.”

ಅವನು ನನ್ನ ಕೈ ಬಿಟ್ಟ. ಕಾಲಿನ ಚಪ್ಪಲಿ ಕಳಚಿ ಕೆಳಗೆ ಬಿಟ್ಟು, ಬರಿಗಾಲಲ್ಲಿ ಟೆಂಪೋ ಹತ್ತಿ ನನ್ನ ಜೊತೆ ಹುಡುಕಲು ಕೂತ. ತನ್ನ ಮಾಲಿನ ಅಸ್ತರುಗಳನ್ನು ತಾನೇ ಟರ್ರನೆ ಹರಿದ. ಒಂದು ಚೀಲ ಮುಗಿಯಿತು, ಇನ್ನೊಂದೂ ಮುಗಿಯಿತು. ಎಲ್ಲಿಯೂ ಇಲ್ಲ. ಅಷ್ಟರಲ್ಲಿ ಮುಂದಿನ ಕ್ಯಾಬಿನ್ನಿನಲ್ಲಿ ಯಾರೋ ಹಾಡುವುದು ಕೇಳಿಸಿತು. ಡ್ರೈವರ್ ಮೊಬೈಲ್ ಎದುರಿಗೆ ಹಿಡಿದು ತನ್ನ ವಿಡಿಯೋ ತಾನೇ ತೆಗೆಯುತ್ತಿದ್ದ. ತಲೆಯ ಮೇಲೆ ಟೊಪ್ಪಿಗೆ ಇತ್ತು. ನಾನು ಹಾರಿ ಇಳಿದು ಅದನ್ನು ಕಿತ್ತುಕೊಂಡೆ. ಒಳಗೆ ಅವ್ವನ ಬಿಳಿ ವಸ್ತ್ರ, ಅವ್ವನ ದಪ್ಪ ಹೊಲಿಗೆ.

“ಅದಕ್ಕ ತಲಿಗೆ ಒತ್ತಾಕತ್ತಿತ್ತು,” ಎಂದ ಡ್ರೈವರ್.

ಅವನಿಗೆ ಬೈಯಲು ನನಗೆ ಹೊತ್ತಿರಲಿಲ್ಲ.

ಮನೆಗೆ ಬಂದಾಗ ಅವ್ವ ನರ್ಸಬಾಯಿಯ ಭುಜಕ್ಕೆ ಒರಗಿದ್ದಳು. ಕಣ್ಣು ಅರ್ಧ ಮುಚ್ಚಿದ್ದವು. ಸತ್ತುಹೋದ ತನ್ನ ಅಕ್ಕನ ಜೊತೆ ಏನೋ ಮಾತಾಡುತ್ತಿದ್ದಳು. “ಬಂತ್ರಿ ಆಯಿ, ಟೊಪ್ಪಿಗಿ ಬಂತು. ಕಣ್ಣ ತಗೀರಿ,” ಎಂದು ನರ್ಸಬಾಯಿ ಅವಳ ಕೆನ್ನೆ ತಟ್ಟುತ್ತಲೇ ಇದ್ದಳು. ಹೊಲಿಗೆಯನ್ನು ನಾನು ಹಲ್ಲಿನಿಂದ ಕಡಿದೆ. ಕರಡಿಗೆಯ ಬೆಳ್ಳಿ ಕಂಡದ್ದೇ ಅವ್ವ ನೆಟ್ಟಗಾದಳು, ಎಡಗೈ ಚಾಚಿದಳು.

ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು, ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಮುಟ್ಟಬಾರದು. ಕರಡಿಗೆಯ ಮುಚ್ಚಳ ತೆಗೆದು, ಲಿಂಗ ಅವಳ ಅಂಗೈಗೆ ಇಳಿಯುವಂತೆ ವಾಲಿಸಿದೆ. ಇಳಿಯಿತು. ಆದರೆ ಆ ಕೈ ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು. ನಾನು ಕಣ್ಣು ಮಿಟುಕಿಸುವುದರೊಳಗೆ ಲಿಂಗ ಅಂಗೈಯ ಅಂಚಿಗೆ ಜಾರಿತು.

ಅದು ನೆಲಕ್ಕೆ ಬೀಳಲಿಲ್ಲ. ನರ್ಸಬಾಯಿಯ ಕೈ ಕೆಳಗೆ ಬಂದಿತ್ತು. ಅವ್ವನ ಅಂಗೈಯನ್ನು ತನ್ನ ಅಂಗೈಯಲ್ಲಿ ಹಿಡಿದು, ಜಾರಿದ ಲಿಂಗವನ್ನು ಹೆಬ್ಬೆರಳಿನಿಂದ ಒಳಕ್ಕೆ ಸರಿಸಿಬಿಟ್ಟಿದ್ದಳು.

ಬಾಗಿಲಲ್ಲಿ ನಿಂತ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತಾನು ಏನು ಮುಟ್ಟಿದೆನೆಂದು ನರ್ಸಬಾಯಿಗೆ ಆಗ ಅರಿವಾಯಿತು. “ಬೀಳಾಕತ್ತಿತ್ರಿ ಆಯಿ, ಅದಕ್ಕ...” ಎಂದು ಮೆಲ್ಲಗೆ ಕೈ ಹಿಂದಕ್ಕೆ ಎಳೆಯತೊಡಗಿದಳು. ಆ ಕೈ ಹೋದರೆ ಲಿಂಗವೂ ಹೋಗುತ್ತದೆ, ಅವ್ವನೂ ಹೋಗುತ್ತಾಳೆ ಎಂದು ನನಗೆ ಕಾಣುತ್ತಿತ್ತು.

ಅವ್ವ ಬಲಗೈಯಿಂದ ಅವಳ ಮಣಿಕಟ್ಟು ಹಿಡಿದಳು.

“ಕೈ ತಗೀಬ್ಯಾಡ ಮಗಳ,” ಎಂದಳು. “ಇನ್ನ ಪೂಜಿ ಆಗಿಲ್ಲ.”

ಆ ಎರಡು ಕೈಗಳ ಮೇಲೆ, ಗೌನು ತೊಟ್ಟುಕೊಂಡೇ, ಜಳಕವಿಲ್ಲದೆ, ನಮ್ಮ ಅವ್ವ ಅಂದಿನ ಪೂಜೆ ಮಾಡಿದಳು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಮುಗಿದಾಗ ಬಾಯಿ ತೆರೆದಳು. ನರ್ಸಬಾಯಿ ಒಂದು ಕೈಯನ್ನು ಅಲ್ಲಿಂದ ಕದಲಿಸದೆ, ಇನ್ನೊಂದು ಕೈಯಿಂದ ಲೋಟ ಹಿಡಿದು ಕುಡಿಸಿದಳು. ಕುಡಿಸುತ್ತಾ ಅವಳು ಅಳುತ್ತಿದ್ದಳು. ಅವ್ವ ಒಂದು ಹನಿಯನ್ನೂ ಬಿಡದೆ ಕುಡಿದಳು.