ಫೆಸ್ಟಿಯ ಹಸಿವು
ಮೋಟಾರು ಅಪರೂಪವಾಗಿದ್ದ ಕಾಲದಲ್ಲಿ, ಟಿಪ್ಪರರಿ ಸೀಮೆಯ ಬೇಲಿ ಹಾರುವ ಕುದುರೆ ಪಂದ್ಯಗಳಲ್ಲಿ ಫೆಸ್ಟಿ ಕಿನ್ನೇನ್ ಇಪ್ಪತ್ತೆರಡು ವರ್ಷ ಸವಾರಿ ಮಾಡಿ ಗೆದ್ದದ್ದು ನಾಲ್ಕೇ ಸಲ. ಬಿದ್ದರೆ ಕುದುರೆಯನ್ನು ಹಿಡಿದು ಮತ್ತೆ ಹತ್ತಿ, ಜನ ಮನೆಗೆ ಹೊರಟ ಮೇಲಾದರೂ ಪಂದ್ಯ ಮುಗಿಸಿಯೇ ಇಳಿಯುತ್ತಿದ್ದ. "ನಿನ್ನೆ ಪಂದ್ಯ ಈಗ ಮುಗಿಸಿದ್ಯೇನೋ ಫೆಸ್ಟಿ?" ಎಂದು ಕಮ್ಮಾರ ಮಾರ್ಟಿ ಕೆಣಕಿದರೆ, "ಇಲ್ಲ ಕಣೋ, ನಾಳೆದಕ್ಕೆ ಎಲ್ಲರಿಗಿಂತ ಮೊದ್ಲು ಬಂದಿದೀನಿ" ಅನ್ನುತ್ತಿದ್ದ. ಅವನಿಗೆ ಸವಾರರನ್ನು ತೂಗುವ ತಕ್ಕಡಿಯದೊಂದೇ ಭಯ. ಸವಾರ ಭಾರವಾದರೆ ಯಾರೂ ಕುದುರೆ ಕೊಡುತ್ತಿರಲಿಲ್ಲ. ಪಂದ್ಯದ ಹಿಂದಿನ ದಿನವೆಲ್ಲ ಹಾಲಿಲ್ಲದ ಚಹಾ, ಒಂದು ಮೊಟ್ಟೆ. ಮೂರು ಉಣ್ಣೆ ಅಂಗಿ ತೊಟ್ಟು ಗುಡ್ಡ ಹತ್ತಿ ಬೆವರುತ್ತಿದ್ದ. ಬೆಣ್ಣೆಯ ವಾಸನೆ ಅವನ ಮೂಗಿಗೆ ಹೋಗಬಾರದೆಂದು ಹೆಂಡತಿ ಡೀಲಿಯಾ ತನ್ನ ಆಲೂಗೆಡ್ಡೆಯನ್ನು ಹಿತ್ತಿಲಲ್ಲಿ ನಿಂತೇ ತಿನ್ನುತ್ತಿದ್ದಳು. "ಒಳಗೆ ಬಾರೇ, ನಾನೇನು ಕಿತ್ಕೊಂಡು ತಿನ್ನಲ್ಲ" ಎಂದು ಅವನು ಕೂಗುತ್ತಿದ್ದ. ಸವಾರಿ ಬಿಟ್ಟ ಮರುವರ್ಷವೇ ಎದೆರೋಗ ಅವನನ್ನು ಒಯ್ದಿತು. ಮಣ್ಣು ಮಾಡಿ ಹನ್ನೊಂದು ವಾರವಾಗಿದೆ, ಮನೆಯಲ್ಲಿ ಈಗ ಹಸಿದವರು ಯಾರೂ ಇಲ್ಲ. ಆದರೂ ಡೀಲಿಯಾ ತಟ್ಟೆ ಹಿಡಿದು ಹಿತ್ತಿಲಿಗೇ ಹೋಗಿ ನಿಲ್ಲುತ್ತಾಳೆ. ಆಲೂಗೆಡ್ಡೆ ತಣ್ಣಗಾಗುತ್ತದೆ, ಒಳಗಿಂದ ಕೂಗು ಬರುವುದಿಲ್ಲ.