ರಕ್ತ ಆಗುವ ಪುಡಿ

ಬಿ.ಎಡ್. ಓದಲು ನಾನು ಶಲವಡಿಯಿಂದ ಹುಬ್ಬಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ವರ್ಷ ಅದು. ಬೆಳಿಗ್ಗೆ ಹೊರಡುವ ಮೊದಲು ಅವ್ವ ಹಾಲಿನಲ್ಲಿ ಒಂದು ಹಸಿರು ಪುಡಿ ಕಲಸಿ ಕೈಗೆ ಕೊಡುತ್ತಿದ್ದಳು.

"ಮೈಯಾಗ ರಕ್ತ ಇಲ್ಲ ನಿನಗ. ದೊಡ್ಡವ್ವ ಕಳಿಸ್ಯಾಳ. ಮೂಗು ಹಿಡಕೊಂಡು ಕುಡಿ."

ಕಹಿಗೆ ಚೂರು ಬೆಲ್ಲ ಕೇಳಿದರೆ ಮಾತ್ರ ಕೊಡುತ್ತಿರಲಿಲ್ಲ. ಅವ್ವ ಕೊಟ್ಟದ್ದನ್ನು ಇದೇನು ಎಂದು ಕೇಳುವ ರೂಢಿ ನನಗಿರಲಿಲ್ಲ.

ನೋಡನೋಡುತ್ತ ಚೂಡಿದಾರಗಳು ಸಡಿಲವಾದವು. "ಅಗದಿ ಸಣ್ಣಾಗೀ ಬಿಡಲೇ!" ಎಂದು ಗೆಳತಿಯರು ಅಂದರೆ ಖುಷಿಯೇ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಿದ್ದೆ ಹೋಯಿತು. ಸುಮ್ಮನೆ ಕೂತರೂ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬರೆಯುವಾಗ ಬೆರಳು ನಡುಗುತ್ತಿದ್ದವು. ಒಂದು ದಿನ ಬಸ್ಸಿನಲ್ಲೇ ಕಣ್ಣು ಕತ್ತಲಾಗಿ ಬಿದ್ದೆ. ಅವ್ವ ಗಾಬರಿಯಾಗಿ ನವಲಗುಂದದ ಡಾಕ್ಟರ ಹತ್ತಿರ ಕರೆದೊಯ್ದಳು.

ನಾಡಿ ಹಿಡಿದು ನೋಡಿದ ಡಾಕ್ಟರು ಕೇಳಿದರು: "ಏನರ ಗುಳಿಗಿ ತಗೋತೀಯೇನವಾ?"

"ಇಲ್ರಿ. ರಕ್ತ ಆಗೋ ಪುಡಿ ಅಷ್ಟ."

"ಎಂಥಾ ಪುಡಿ?"

ನಾನು ಅವ್ವನ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಅದು ರಕ್ತದ್ದಲ್ರೀ ಸಾಹೇಬ್ರ. ತೂಕ ಇಳಿಯೂದು."

"ಒಳಗ ಏನೇನ್ ಹಾಕ್ಯಾರ ಅಂತ ಬರದಾರೇನು?"

"ಬರೇ ಗಿಡಮೂಲಿಕಿ ಅಂತ ಐತ್ರಿ."

"ತೂಕ ಇಳೀತು, ಖರೆ. ಆದರ ಅದರ ಜೋಡಿ ಮತ್ತೇನ್ ಕೂಡಿಸ್ಯಾರೋ ಯಾರಿಗೆ ಗೊತ್ತು? ಎದಿ ಹಿಂಗ ಹೊಡಕೊಳ್ಳಾಕ ಹತ್ತಿದ ಮ್ಯಾಲ ಅದನ್ನ ಮುಟ್ಟಬ್ಯಾಡ್ರಿ."

ಬಸ್ ಸ್ಟ್ಯಾಂಡಿನಲ್ಲಿ ಅವ್ವ ಮೆಲ್ಲಗೆ ಬಾಯಿಬಿಟ್ಟಳು. "ನೋಡಾಕ ಬಂದವ್ರು ಹುಡುಗಿ ದಪ್ಪ ಅಂದು ಹೋದ್ರಲ್ಲ... ನಿನ್ನ ಚಲೋದಕ್ಕ ಮಾಡಿದ್ನೆವಾ."

"ನನ್ನ ಕೇಳಬೇಕಿತ್ತಲ್ಲ ಬೇ."

"ಕೇಳಿದ್ರ ನೀ ಕುಡೀತಿದ್ದೇನು?"

ಕುಡಿಯುತ್ತಿದ್ದೆನೇನೋ. ಅದಕ್ಕೇ ಇನ್ನಷ್ಟು ಉರಿಯಿತು. ವರನ ಕಡೆಯವರು ಎದ್ದು ಹೋದ ದಿನ, "ಅವರ ಕಣ್ಣಿಗೇನ್ ತಿಳೀತೈತಿ, ನನ್ನ ಮಗಳು ಬಂಗಾರ" ಎಂದು ನನ್ನ ತಲೆ ನೇವರಿಸಿದವಳು ಇದೇ ಅವ್ವ. ಆ ಮಾತು ನಂಬಿ ನಾನು ಸಮಾಧಾನವಾಗಿ ಮಲಗಿದ್ದೆ. ಅವಳು ಮಾತ್ರ ಅವರ ಮಾತನ್ನೇ ನಂಬಿದ್ದಳು.

ಎದೆ ತಹಬಂದಿಗೆ ಬರಲು ಕೆಲವು ವಾರ ಹಿಡಿಯಿತು. ಇಳಿದ ತೂಕ ಪೂರ್ತಿ ತಿರುಗಿ ಬಂತು. ಆ ಬೇಸಿಗೆಯೆಲ್ಲ ನನ್ನ ರೊಟ್ಟಿಯನ್ನು ನಾನೇ ಬಡಿದುಕೊಂಡೆ. ಒಂದು ಮಧ್ಯಾಹ್ನ ಅವ್ವ ಬದನೆಕಾಯಿ ಪಲ್ಯ ಬಡಿಸಿದ ಗಂಗಾಳ ಮುಂದಿಟ್ಟು, "ಉಣಬೇ, ನಾ ಮೊದಲ ತಿಂದು ತೋರಸ್ಲೇನು?" ಎಂದು ಅತ್ತಳು. ಆಗಲೂ ನಾನು ಕೈ ಚಾಚಲಿಲ್ಲ.